ಗಿಡ್ಡ ರಾಡಿನ ಹಟ

ಹಳೇ ಜೀಪಿಗೆ ಮೊದಲ ಸಲ ಹತ್ತಿದ ಪೇಟೆ ನೆಂಟರೆಲ್ಲ ಕೇಳುವ ಪ್ರಶ್ನೆ ಒಂದೇ: 'ಇದೆಂಥದು ಮಾರಾಯ್ರೆ, ಒಂದು ಗಾಡಿಗೆ ಇಷ್ಟೊಂದು ರಾಡು?' ದೊಡ್ಡದು ಗೇರಿನದು, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಅದರ ಪಕ್ಕದಲ್ಲಿ ನೆಲದಿಂದ ಎದ್ದು ನಿಂತ ಎರಡು ಗಿಡ್ಡ ರಾಡುಗಳಿವೆಯಲ್ಲ, ತಂಟೆಯೆಲ್ಲ ಅವುಗಳದ್ದು. ಒಂದು, ಇಂಜಿನ್ನಿನ ಎಳೆತವನ್ನು ಮುಂದಿನ ಚಕ್ರಗಳಿಗೂ ಹಂಚುವುದು. ಇನ್ನೊಂದು ಹೈ, ಲೋ ಅಂತ ಆ ಎಳೆತವನ್ನು ಹೆಚ್ಚು ಕಮ್ಮಿ ಮಾಡುವುದು. ನಡುವೆ ಕೂತವರ ಮೊಣಕಾಲಿಗೆ ಇವು ಬಡಿಯದ ದಿನವಿಲ್ಲ. ಮದುವೆ ದಿಬ್ಬಣದಲ್ಲಿ ಇಕ್ಕಟ್ಟಿಗೆ ಸಿಕ್ಕಿ ರೇಷ್ಮೆ ಸೀರೆಗೆ ಗ್ರೀಸು ಬಳಿದುಕೊಂಡ ಅತ್ತೆಯಂದಿರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಈಗ ಸೀರೆಗೆ ಆ ಭಯ ಇಲ್ಲ. ರಾಡಿನ ಬುಡದಲ್ಲಿ ಗ್ರೀಸೇ ಇರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ನಮ್ಮ ಭಾವನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಟಾರು ಬಿಟ್ಟು ಒಳಗಿಳಿದರೆ ಸಿಗುತ್ತದೆ. ಅಲ್ಲೊಂದು ಪಿಕಪ್ಪು ಇದೆ. ಮೂತಿ ಜೀಪಿನದು, ಬೆನ್ನಿಗೆ ಕಬ್ಬಿಣದ ಬಾಡಿ. ಕಂಪನಿ ಯಾವುದು ಅನ್ನುವುದು ಇಲ್ಲಿ ಬೇಡ, ಮುಂದೆ ಹೇಳುವ ಕಥೆಯಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಕೊಟ್ಟಿಗೆ ಗೊಬ್ಬರ, ಅಡಿಕೆ ಗೊನೆ, ಸೋಗೆ, ಕೊಳೆಗೆ ಹೊಡೆಯುವ ಔಷಧಿಯ ಡ್ರಮ್ಮು, ಹಬ್ಬಕ್ಕೆ ಬಂದ ಮಕ್ಕಳ ದಂಡು, ಎಲ್ಲವನ್ನೂ ಭೇದವಿಲ್ಲದೆ ಹೊರುತ್ತದೆ. ಹೊಸದು ತಗೊಳ್ಳುವ ಮಾತನ್ನು ಭಾವ ಎತ್ತಿದಾಗೆಲ್ಲ ಅಕ್ಕ, 'ಮೊದ್ಲು ನಿಮ್ಮ ಮಂಡಿ ಹೊಸದು ಮಾಡಿಸ್ಕಳಿ, ಗಾಡಿ ಆಮೇಲೆ' ಅಂತ ಬಾಯಿ ಮುಚ್ಚಿಸುತ್ತಾಳೆ.

ಮಳೆ ಹಿಡಿಯುವ ಹೊತ್ತಿಗೆ ಬೆಂಗಳೂರಿನಿಂದ ಭಾವನ ಮಗ ಗೆಳೆಯರನ್ನು ಕಟ್ಟಿಕೊಂಡು ಬಂದ. ಫೋರ್‌ವೀಲ್ ಹಾಕಿ ಮನೆ ಹಿಂದಿನ ಗುಡ್ಡ ಹತ್ತಿಸಿದ್ದಾಯಿತು, ಫೋನಿನಲ್ಲಿ ವಿಡಿಯೋ ಆಯಿತು, ಗೆಳೆಯರ ಉದ್ಗಾರಗಳೂ ಆದವು. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಇರಲಿಲ್ಲ. ಅದೇ ಫೋರ್‌ವೀಲಿನಲ್ಲಿ ಟಾರು ರಸ್ತೆಗಿಳಿದು, ಪೇಟೆಗೆ ಹೋಗಿ ಪರೋಟ ತಿಂದು, ವಾಪಸ್ ಬಂದರು. ಅಂಗಳದಲ್ಲಿ ನಿಲ್ಲಿಸಿ ರಾಡು ಹಿಂದಕ್ಕೆ ತರಲು ನೋಡಿದರೆ ಜಪ್ಪಯ್ಯ ಅಂದರೂ ಬರಲಿಲ್ಲ. ಒಬ್ಬ ಎರಡೂ ಕೈಯಲ್ಲಿ ಎಳೆದ. ಜಿಮ್ಮಿಗೆ ಹೋಗುವ ಇನ್ನೊಬ್ಬ ಡ್ಯಾಶ್ ಬೋರ್ಡಿಗೆ ಕಾಲು ಕೊಟ್ಟು ಎಳೆದ. ರಾಡು ಬಗ್ಗಿತೇ ಹೊರತು ಜಾಗ ಬಿಡಲಿಲ್ಲ. ಭಾನುವಾರ ರಾತ್ರಿಯ ಬಸ್ಸಿಗೆ ಅವರು ಬೆಂಗಳೂರಿಗೆ ಹೋದರು, ಬಗ್ಗಿದ ರಾಡು ನಮಗುಳಿಯಿತು.

ಹೀಗಾದಾಗ ಒಳಗೆ ಏನೋ ಮುರಿದಿದೆ ಅಂತಲೇ ಎಲ್ಲರೂ ತಿಳಿಯುತ್ತಾರೆ. ಮುರಿದಿರುವುದಿಲ್ಲ, ಬಿಗಿದುಕೊಂಡಿರುತ್ತದೆ. ತಿರುವಿನಲ್ಲಿ ಎಡಚಕ್ರಕ್ಕೂ ಬಲಚಕ್ರಕ್ಕೂ ನಡೆಯುವ ದೂರ ಬೇರೆ ಬೇರೆ ಅನ್ನುವುದು ಎಲ್ಲರಿಗೂ ಗೊತ್ತು, ಅದಕ್ಕೇ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಇಟ್ಟಿರುವುದು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ದೂರ ಬೇರೆ ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ. ಹಳೇ ಗಿಡ್ಡ ಜೀಪಿನ ಎರಡು ಆಕ್ಸಲ್ಲುಗಳ ನಡುವೆ 80 ಇಂಚು, ಅಂದರೆ ಎರಡು ಮೀಟರ್ ಅಂತರ. ಮುಂದಿನ ಆಕ್ಸಲ್ಲು ಐದೂವರೆ ಮೀಟರ್ ತ್ರಿಜ್ಯದ ಸುತ್ತು ಹಾಕಿದರೆ ಹಿಂದಿನದು ಒಳಗೆ ಸರಿದು ಐದು ಮೀಟರ್ ಚಿಲ್ಲರೆಯ ಸುತ್ತು ಹಾಕುತ್ತದೆ. ಒಂದು ಪೂರ್ತಿ ಸುತ್ತಿಗೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಎರಡು ಮೀಟರಿಗೂ ಹೆಚ್ಚು ದೂರ ನಡೆದಿರುತ್ತವೆ. ಟೂವೀಲಿನಲ್ಲಿ ಇದ್ದಾಗ ಇದರಿಂದ ಯಾರಿಗೂ ನಷ್ಟವಿಲ್ಲ. ಫೋರ್‌ವೀಲ್ ಹಾಕಿದ ಕೂಡಲೇ ಮುಂದಿನ ಹಿಂದಿನ ಶಾಫ್ಟುಗಳು ಒಂದೇ ಲೆಕ್ಕದಲ್ಲಿ ತಿರುಗಲೇಬೇಕು, ಇವುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಅಷ್ಟಿಷ್ಟು ಜಾರಿ ಲೆಕ್ಕ ಸರಿಹೊಂದಿಸಿಕೊಳ್ಳುತ್ತದೆ. ಒಣ ಟಾರು ಜಾರಲು ಬಿಡುವುದಿಲ್ಲ. ಆಗ ವ್ಯತ್ಯಾಸವೆಲ್ಲ ಶಾಫ್ಟಿನಲ್ಲಿ ತಿರುಚಾಗಿ ಕೂರುತ್ತದೆ. ಇಬ್ಬರು ಆಚೀಚೆ ನಿಂತು ಒದ್ದೆ ಪಂಚೆ ಹಿಂಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ತಿರುಚಿನ ಭಾರವೆಲ್ಲ ಟ್ರಾನ್ಸ್‌ಫರ್ ಕೇಸು ಅನ್ನುವ, ಎಳೆತ ಹಂಚುವ ಬಾಕ್ಸಿನೊಳಗಿನ ಗೇರಿನ ಹಲ್ಲುಗಳ ಮೇಲೆ. ಒಂದನ್ನೊಂದು ಒತ್ತಿ ಹಿಡಿದ ಹಲ್ಲುಗಳನ್ನು ರಾಡು ಎಳೆದು ಬಿಡಿಸುತ್ತೇನೆ ಅಂದರೆ ಆಗುವ ಮಾತಲ್ಲ, ಜಿಮ್ಮಿಗೆ ಹೋದವನಿಂದಲೂ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. 'ಮಳೆ ಬರ್ತಿದೆ, ಸೇಫ್ಟಿಗೆ ಇರಲಿ' ಅಂತ ಫೋರ್‌ವೀಲಿನಲ್ಲೇ ಸೋಮೇಶ್ವರಕ್ಕೆ ಇಳಿಯುವವರಿದ್ದಾರೆ. ರಸ್ತೆ ಒದ್ದೆಯಿದ್ದಷ್ಟು ಹೊತ್ತು ಹೇಗೋ ನಡೆಯುತ್ತದೆ. ಘಾಟಿಯ ಕೆಳಗೆ ಮಳೆ ಬಿಟ್ಟು ಟಾರು ಒಣಗಿದಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ, ಯಾರೋ ಬ್ರೇಕು ಹಿಡಿದ ಹಾಗೆ ಗಾಡಿ ಮುಗ್ಗರಿಸುತ್ತದೆ. ತಿರುವೇ ಬೇಕಂತಲೂ ಇಲ್ಲ. ಮುಂದೆ ಹೊಸ ಟೈರು, ಹಿಂದೆ ಬೋಳು ಟೈರು ಹಾಕಿಕೊಂಡವರಿಗೆ ನೆಟ್ಟಗಿನ ರಸ್ತೆಯಲ್ಲೇ ಇದಾಗುತ್ತದೆ. ಸುತ್ತಳತೆಯಲ್ಲಿ ನೂರಕ್ಕೊಂದು ಪಾಲು ವ್ಯತ್ಯಾಸ ಇದ್ದರೂ ಕಿಲೋಮೀಟರಿಗೆ 10 ಮೀಟರಿನ ತಗಾದೆ. ಭಾವನ ಗಾಡಿಯಲ್ಲಿ ನಾಲ್ಕು ಟೈರು ನಾಲ್ಕು ಕಾಲದವು ಅನ್ನುವುದನ್ನು ಇಲ್ಲಿ ಸೇರಿಸಿಬಿಡುತ್ತೇನೆ.

ಭಾವ ಗ್ಯಾರೇಜಿನ ಸಾಬರಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದದ್ದು ಎರಡು ಮಾತು. 'ಎಳೀಬ್ಯಾಡಿ ಗೌಡ್ರೆ. ಸ್ಟೇರಿಂಗ್ ಸೀದಾ ಮಾಡ್ಕಂಡು ರಿವರ್ಸಲ್ಲಿ ಹಿಂದೆ ಬನ್ನಿ.' ಇಷ್ಟೇ. ಭಾವ ಅಂಗಳದ ಉದ್ದಕ್ಕೂ ಗಾಡಿಯನ್ನು ನೆಟ್ಟಗೆ ಹಿಂದಕ್ಕೆ ತಂದರು. ಅಡಿಯಿಂದ ಠಣ್ ಅಂತ ಒಂದು ಸದ್ದು ಬಂತು. ಹಟ್ಟಿಯ ನಾಯಿ ಬೊಗಳಿತು. ತಿರುಚು ಬಿಟ್ಟಿತ್ತು. ಇದಕ್ಕೂ ಬಗ್ಗದಿದ್ದರೆ ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಬೇಕು. ನೆಲ ಬಿಟ್ಟ ಕ್ಷಣ ಚಕ್ರ ತಾನಾಗಿ ರಪ್ಪನೆ ತಿರುಗಿ ಬಿಗಿ ಕಳೆದುಕೊಳ್ಳುತ್ತದೆ. ಹಾಗೆ ಎತ್ತುವಾಗ ಆ ಚಕ್ರದ ಹತ್ತಿರ ಕೈ ಇಟ್ಟುಕೊಂಡು ಇಣುಕಬಾರದು.

ಇಷ್ಟೆಲ್ಲ ಕಷ್ಟ ಕೊಡುವ ಏರ್ಪಾಟನ್ನು ಯಾರು ಮಾಡಿದರೋ ಅಂತ ಅಕ್ಕ ಬಯ್ದಳು. ಬಯ್ಯುವುದಾದರೆ 1940ನೇ ಇಸವಿಗೆ ಹೋಗಬೇಕು. ಯುರೋಪಿನಲ್ಲಿ ಯುದ್ಧ ಹತ್ತಿದ್ದ ಕಾಲ. ಅಮೆರಿಕದ ಸೈನ್ಯ ತನಗೊಂದು ಹಗುರವಾದ ನಾಲ್ಕು ಚಕ್ರದ ಎಳೆತದ ಗಾಡಿ ಬೇಕು ಅಂತ 135 ಕಂಪನಿಗಳನ್ನು ಕೇಳಿತು. ಮಾದರಿ ಗಾಡಿಗೆ ಕೊಟ್ಟ ಗಡುವು 49 ದಿನ. ಗಡುವು ನೋಡಿಯೇ ಹೆಚ್ಚಿನವರು ಹಿಂದೆ ಸರಿದರು. ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನುವ ಊರಲ್ಲಿದ್ದ, ಹೆಚ್ಚುಕಮ್ಮಿ ಮುಳುಗಿಹೋಗಿದ್ದ ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ ಒಪ್ಪಿಕೊಂಡಿತು. ಕಾರ್ಲ್ ಪ್ರಾಬ್ಸ್ಟ್ ಎನ್ನುವ ಇಂಜಿನಿಯರು ನಕ್ಷೆ ಬರೆದ. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಇದೆ ಅನ್ನುವಾಗ, ಗಾಡಿಯನ್ನು ಓಡಿಸಿಕೊಂಡೇ ಸೈನ್ಯದ ಅಂಗಳಕ್ಕೆ ತಂದು ನಿಲ್ಲಿಸಿದರು. ಆಕ್ಸಲ್ಲು, ಟ್ರಾನ್ಸ್‌ಫರ್ ಕೇಸು ಎಲ್ಲ ಸ್ಪೈಸರ್ ಕಂಪನಿಯದು. ಕೊನೆಗೆ ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್‌ಗೆ. ಬ್ಯಾಂಟಮ್‌ಗೆ ಟ್ರೇಲರ್ ಮಾಡುವ ಕೆಲಸ ಕೊಟ್ಟು ಕೂರಿಸಿದರು. ಜಗತ್ತಿನ ನ್ಯಾಯ ಆಗಲೂ ಹೀಗೇ ಇತ್ತು.

ಯುದ್ಧಭೂಮಿಯಲ್ಲಿ ಗುಂಡಿ, ಕೆಸರು, ಮರಳು ದಾಟಬೇಕಾದ ಗಾಡಿಗೆ ನಡುವೆ ಇನ್ನೊಂದು ಡಿಫರೆನ್ಷಿಯಲ್ಲಿನ ಭಾರ ಹೇರುವ ಅಗತ್ಯ ಇರಲಿಲ್ಲ. ಪರೋಟ ತಿನ್ನಲು ಇದರಲ್ಲಿ ಹೋಗುತ್ತಾರೆ ಅಂತ ಪ್ರಾಬ್ಸ್ಟ್‌ನ ನಕ್ಷೆ ಎಣಿಸಿರಲಿಲ್ಲ. 1945ರಲ್ಲಿ ನಮ್ಮಲ್ಲಿ 'ಮಹೀಂದ್ರ ಅಂಡ್ ಮೊಹಮ್ಮದ್' ಅಂತ ಒಂದು ಕಂಪನಿ ಶುರುವಾಯಿತು. ಅದರ ಮೊಹಮ್ಮದ್ ದೇಶ ಒಡೆದ ಮೇಲೆ ಪಾಕಿಸ್ತಾನಕ್ಕೆ ಹೋಗಿ ಮೊದಲು ಹಣಕಾಸು ಮಂತ್ರಿ, ಆಮೇಲೆ ಗವರ್ನರ್ ಜನರಲ್ ಆದರು. ಇಲ್ಲಿ ಉಳಿದವರು ವಿಲ್ಲಿಸ್ ಜೀಪು ಜೋಡಿಸಿದರು. ಬೋರ್ಡಿನಲ್ಲಿ ಎರಡೂ ಕಡೆ ಮಹೀಂದ್ರ ಬಂತು. ಅಮೆರಿಕದಲ್ಲಿ ಸಿಜೆ-3ಬಿ ಜೀಪು 1968ಕ್ಕೇ ನಿಂತುಹೋದರೂ ಅದರ ಸಂತಾನ ನಮ್ಮಲ್ಲಿ ದಶಕಗಟ್ಟಲೆ ಹುಟ್ಟುತ್ತಲೇ ಇತ್ತು. ಕೊಡಚಾದ್ರಿಯ ದಾರಿಯಲ್ಲಿ ಇಂದಿಗೂ ಯಾತ್ರಿಕರನ್ನು ಕುಲುಕಿಸಿಕೊಂಡು ಹೋಗುವುದು ಇದೇ ಸಂತಾನ. ಆ ಡ್ರೈವರುಗಳ ಕೈಯನ್ನು ಗಮನಿಸಬೇಕು. ಗಿಡ್ಡ ರಾಡನ್ನು ಅವರು ಎಳೆಯುವುದೇ ಇಲ್ಲ, ಎರಡು ಬೆರಳಲ್ಲಿ ಸರಿಸುತ್ತಾರೆ. ದಿನಾ ಕೆಲಸ ಮಾಡುವ ರಾಡು ಅದು.

ಸರಿ, ತಿರುಚು ಬಿಟ್ಟ ಮೇಲೆ ರಾಡು ಸರಾಗ ಆಗಬೇಕಿತ್ತು. ಹೊಸ ಪೇಚಾಟ ಶುರುವಾಯಿತು. ಫೋರ್‌ವೀಲಿನ ರಾಡು ಮುಟ್ಟಿದರೆ ಪಕ್ಕದ ಹೈ-ಲೋ ರಾಡೂ ಅದರ ಜೊತೆಗೇ ಹೊರಟು ನ್ಯೂಟ್ರಲ್ಲಿಗೆ ಬರುತ್ತದೆ. ಗೇರಿನಲ್ಲಿದ್ದರೂ ಗಾಡಿ ಮಿಸುಕುವುದಿಲ್ಲ, ಇಂಜಿನ್ ಸುಮ್ಮನೆ ಕೂಗುತ್ತದೆ. ಇದರಲ್ಲಿ ಒಂದು ಅಪಾಯವೂ ಇದೆ. ಇಳಿಜಾರಿನಲ್ಲಿ ಗೇರು ಹಾಕಿ ನಿಲ್ಲಿಸಿದ್ದೇನೆ ಅಂತ ನಂಬಿಕೊಂಡು ಇಳಿದವನ ಬೆನ್ನ ಹಿಂದೆ ಗಾಡಿ ತಾನೇ ಹೊರಟುಬಿಡಬಹುದು. ಹೈ-ಲೋ ರಾಡು ನ್ಯೂಟ್ರಲ್ಲಿನಲ್ಲಿದ್ದರೆ ಗೇರಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಸಾಬರು ಮರುದಿನ ಬಂದವರು ಮೊದಲು ಮಾಡಿದ್ದು ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟದ್ದು. ಆಮೇಲೆ ಬಗ್ಗಿದ ರಾಡು ನೋಡಿದರು.

'ಎಂತ ಗೌಡ್ರೆ, ಇದನ್ನ ಬಾವಿ ಹಗ್ಗ ಅಂತ ತಿಳ್ಕಂಡ್ರಾ?'

'ನಾನಲ್ಲ ಸಾಬ್ರೆ, ಹುಡುಗ್ರು.'

'ಯಾವ ಮನೆಗೆ ಹೋದ್ರೂ ಹುಡುಗ್ರೇ ಮಾಡಿರದು' ಅನ್ನುತ್ತ ಗೋಣಿ ಹಾಸಿ ಅಡಿಗೆ ನುಗ್ಗಿದರು.

ನಾನೂ ಪಕ್ಕದಲ್ಲಿ ಮಲಗಿ ನೋಡಿದೆ. ಮೊದಲಿಗೆ ಕಂಡದ್ದು ಬರೀ ಮಣ್ಣು. ಟ್ರಾನ್ಸ್‌ಫರ್ ಕೇಸು ಅನ್ನುವುದು ಆ ಮಣ್ಣಿನೊಳಗೆ ಎಲ್ಲೋ ಇತ್ತು. ಸ್ಕ್ರೂಡ್ರೈವರಿನಿಂದ ಕೆರೆದು, ಸೀಮೆಎಣ್ಣೆಯ ಬ್ರಶ್ಶಿನಲ್ಲಿ ಉಜ್ಜಿದ ಮೇಲೆ ಎರಡೂ ರಾಡುಗಳ ಬುಡ ಕಾಣಿಸಿತು. ಎರಡೂ ಒಂದೇ ಪಿನ್ನಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿವೆ. ಪಿನ್ನಿನ ತುದಿಯಲ್ಲಿ ಗ್ರೀಸ್ ನಿಪ್ಪಲ್ಲು. ಅದರ ಬಾಯಿ ಕೆಂಪು ಮಣ್ಣು ತುಂಬಿ ಕಲ್ಲಾಗಿತ್ತು. ಒಳಗೆ ಪಿನ್ನು ತುಕ್ಕು ಹಿಡಿದು ಎರಡು ರಾಡುಗಳನ್ನೂ ಒಟ್ಟಿಗೇ ಕಚ್ಚಿಕೊಂಡಿತ್ತು. ಬೇರೆ ಬೇರೆ ಕೆಲಸದ ಎರಡು ರಾಡುಗಳು ಒಂದಾಗಿದ್ದು ಹೀಗೆ. ರಾಡು ಎದ್ದು ಬರುವ ನೆಲದ ತೂತಿನ ರಬ್ಬರು ಹರಿದುಹೋಗಿ ಅದರಲ್ಲೊಂದು ಜಂಬಿಟ್ಟಿಗೆ ಚೂರು ಬೇರೆ ಸಿಕ್ಕಿಕೊಂಡಿತ್ತು. ಅದು ಇರುವಷ್ಟು ದಿನ ರಾಡು ಪೂರ್ತಿ ದೂರ ಹೋಗುವುದು ಸಾಧ್ಯವೇ ಇರಲಿಲ್ಲ. ಚೂರನ್ನು ಸಾಬರು ತೆಗೆದು ಭಾವನ ಕೈಯಲ್ಲಿಟ್ಟರು.

ತುಕ್ಕಿಗೆ ಮಳೆಯನ್ನೇ ದೂರುವುದು ನಮ್ಮ ಕಡೆಯ ರೂಢಿ. ಸಾಬರು ಬೇರೆ ಕಾರಣ ಹೇಳಿದರು. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಹೊಡೆಯುತ್ತೇವೆ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹಿಂದಿನ ಬಾಡಿಯಲ್ಲಿಟ್ಟರೆ ಮೈಲುತುತ್ತದ ಚೀಲ ನೆನೆಯುತ್ತದೆ ಅಂತ ಭಾವ ಅದನ್ನು ಮುಂದೆ, ಕಾಲಿನ ಹತ್ತಿರ ಇಟ್ಟುಕೊಂಡು ಬರುತ್ತಾರೆ. ಚೆಲ್ಲಿದ ಪುಡಿ ಕಾಲಿನ ಒದ್ದೆಗೆ ಕರಗಿ ರಾಡಿನ ತೂತಿನಲ್ಲಿ ಇಳಿಯುತ್ತದೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುವ ವೇಗ ಬರೀ ಮಳೆನೀರಿಗೆ ಎಲ್ಲಿಂದ ಬರಬೇಕು? ಅದನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕಲಸಬೇಡಿ ಅಂತ ಕೃಷಿ ಇಲಾಖೆಯವರೂ ಹೇಳುತ್ತಾರೆ. ಪಿಕಪ್ಪಿನಲ್ಲಿ ಚೆಲ್ಲಬೇಡಿ ಅಂತ ಯಾರೂ ಹೇಳಿರಲಿಲ್ಲ.

ಈ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು. ಹಳ್ಳಿಯಲ್ಲಿ ಗಾಡಿಯ ಅಡಿ ಒಬ್ಬ ಮಲಗಿದರೆ ಸಾಕು, ಸಲಹೆ ಕೊಡುವವರು ಹುಟ್ಟಿಕೊಳ್ಳುತ್ತಾರೆ. ಒಬ್ಬರು ಡೀಸೆಲ್ ಹೊಯ್ಯಿ ಅಂದರು, ಇನ್ನೊಬ್ಬರು ತೆಂಗಿನೆಣ್ಣೆ ಅಂದರು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಡಬ್ಲ್ಯುಡಿ-40ರ ಡಬ್ಬಿಯನ್ನೇ ಹಿಡಿದುಕೊಂಡು ಬಂದರು. ಆ ಡಬ್ಬಿಗೂ ಒಂದು ಚರಿತ್ರೆಯಿದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ಮಾಡಿದ್ದು ಲೋಹದ ಮೇಲಿನ ನೀರು ಓಡಿಸಲು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲಿ ಅಂತ ಬಳಿಯುತ್ತಿದ್ದರು. ನಲವತ್ತನೇ ಪ್ರಯತ್ನದಲ್ಲಿ ಹದ ಸಿಕ್ಕಿತಂತೆ, ಅದಕ್ಕೇ ಹೆಸರಲ್ಲಿ 40. ಬಿಗಿ ಬಿಡಿಸಲು ಅದು ಬೇಕು, ನಿಜ. ಗ್ರೀಸಿನ ಬದಲಿಗೆ ಅದನ್ನೇ ನಂಬಿಕೊಂಡವರು ಒಂದೇ ಮಳೆಗೆ ಮೊದಲಿನ ಜಾಗಕ್ಕೇ ಬರುತ್ತಾರೆ, ಯಾಕೆಂದರೆ ಅದು ಜಾಸ್ತಿ ದಿನ ನಿಲ್ಲುವ ವಸ್ತುವಲ್ಲ. ಸಾಬರು ಮೇಷ್ಟ್ರ ಮಾನ ಕಾಯಲು ಎರಡು ಸಲ ಪುಸ್ ಪುಸ್ ಅನ್ನಿಸಿ, ಡೀಸೆಲ್ಲನ್ನೂ ಹೊಯ್ದು, 'ಇವತ್ತು ಹೀಗೇ ನೆನೀಲಿ' ಅಂತ ಕಾಫಿ ಕುಡಿದು ಹೋದರು. ಸುತ್ತಿಗೆ ಎತ್ತದೆ ಹೋದ ಮೆಕ್ಯಾನಿಕ್ಕಿನ ಮೇಲೆ ಸೇರಿದವರಿಗೆ ನಂಬಿಕೆ ಹುಟ್ಟಲಿಲ್ಲ. ನನಗೆ ಹುಟ್ಟಿದ್ದೇ ಆಗ.

ಮರುದಿನ ಬೆಳಿಗ್ಗೆ ಪಿನ್ನನ್ನು ಹಿಡಿದಿದ್ದ ಬೋಲ್ಟು ತೆಗೆದು, ಮರದ ತುಂಡಿಟ್ಟು ಸಣ್ಣಗೆ ತಟ್ಟಿ, ಪಾನಾ ಹಾಕಿ ಅರ್ಧ ತಿರುವು ಆಚೆ ಅರ್ಧ ತಿರುವು ಈಚೆ ಮಾಡಿ ಪಿನ್ನನ್ನು ಹೊರಗೆಳೆದರು. ರಾಡುಗಳು ಕೈಗೆ ಬಂದವು. ಇನ್ನು ಉಳಿದದ್ದು ಬಾಕ್ಸಿನಿಂದ ಮುಂದಕ್ಕೆ ಚಾಚಿಕೊಂಡ ಎರಡು ಸಣ್ಣ ಸರಳುಗಳು. ರಾಡು ಆಡಿಸಿದಾಗ ಒಳಗೆ ಹೋಗಿ ಹೊರಗೆ ಬರುವುದು ಇವೇ. ಹೊರಗಿದ್ದ ಭಾಗಕ್ಕೆ ತುಕ್ಕು ಹತ್ತಿತ್ತು. ಈಗ ರಾಡಿಲ್ಲ, ಇಕ್ಕಳದಲ್ಲಿ ಹಿಡಿದು ಸರಳನ್ನೇ ಒಳಗೆ ತಳ್ಳಿಬಿಡೋಣ ಅಂತ ಭಾವ ಕೈ ಹಾಕಿದರು. ಸಾಬರು ಗದರಿದರು. 'ತುಕ್ಕಿನ ಸಮೇತ ತಳ್ಳಿದ್ರೆ ಸೀಲು ಹರಿಯುತ್ತೆ ಗೌಡ್ರೆ, ಆಮೇಲೆ ಬಾಕ್ಸಿನ ಆಯಿಲೆಲ್ಲ ನಿಮ್ಮ ಅಂಗಳದಾಗೆ.' ಎಮರಿ ಪೇಪರಿನಿಂದ ಆ ಎರಡು ಇಂಚು ಸರಳನ್ನು ಹೊಳೆಯುವ ತನಕ ಉಜ್ಜಿದರು. ಇಡೀ ರಿಪೇರಿಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದಕ್ಕೇ. ಆಯಿಲಿನ ನಟ್ಟು ಬಿಚ್ಚಿ ಬೆರಳು ಹಾಕಿ ನೋಡಿದರು. ನೀರು ಸೇರಿದ್ದರೆ ಆಯಿಲು ಬಿಳಿಚಿಕೊಂಡಿರುತ್ತದೆ, ಇದು ಕಪ್ಪಗೇ ಇತ್ತು. 90 ನಂಬರಿನ ಆಯಿಲು ಸ್ವಲ್ಪ ತುಂಬಿಸಿದರು. ರಾಡನ್ನು ನೆಟ್ಟಗೆ ಮಾಡಿ, ಪಿನ್ನು ಉಜ್ಜಿ, ಹೊಸ ನಿಪ್ಪಲ್ಲು ಹಾಕಿ, ಅಂಚಿನಿಂದ ಉಕ್ಕುವ ತನಕ ಗ್ರೀಸು ಹೊಡೆದರು.

ಭಾವ ಹತ್ತಿ ಕೂತು ಮೊದಲು ಲೋ ರಾಡಿಗೆ ಕೈ ಹಾಕಿದರು. ಬರಲಿಲ್ಲ. 'ಇದು ಇನ್ನೂ ಕಚ್ಚಿಕೊಂಡಿದೆಯಲ್ಲ ಸಾಬ್ರೆ!' ಕಚ್ಚಿಕೊಂಡಿರಲಿಲ್ಲ. ಆ ಎರಡು ಸರಳುಗಳ ನಡುವೆ ಒಂದು ಗುಳಿಗೆಯಷ್ಟು ಕಬ್ಬಿಣದ ತುಂಡು ಇರುತ್ತದೆ. ಫೋರ್‌ವೀಲ್ ಬಿದ್ದ ಹೊರತು ಲೋ ಬೀಳಲು ಅದು ಬಿಡುವುದಿಲ್ಲ. ಲೋನಲ್ಲಿ ಎಳೆತ ಎರಡೂವರೆ ಪಟ್ಟು ಹತ್ತಿರ ಹೆಚ್ಚುತ್ತದೆ, ಅಷ್ಟನ್ನೂ ಹಿಂದಿನ ಆಕ್ಸಲ್ಲು ಒಂದೇ ಹೊತ್ತರೆ ಅದರ ಗತಿ ಮುಗಿಯಿತು. ಹಾಗಾಗಿ ಮೊದಲು ನಾಲ್ಕು ಚಕ್ರ, ಆಮೇಲೆ ಲೋ. ಅದೂ ಗಾಡಿ ನಿಂತಿರುವಾಗ. ಇದು ಗೊತ್ತಿಲ್ಲದೆ ಸರಿಯಾಗಿದ್ದ ರಾಡನ್ನೇ ಎಳೆದೆಳೆದು ಗ್ಯಾರೇಜಿಗೆ ತರುವವರು ಎಷ್ಟೋ ಜನರಂತೆ. ಈ ಗಾಡಿಯನ್ನು ಭಾವ ಓಡಿಸುತ್ತಿರುವುದು ಮಗ ಹುಟ್ಟುವ ಮೊದಲಿಂದ. ಅವರಿಗೂ ಇದು ಮರೆತೇಹೋಗಿತ್ತು, ಯಾಕೆಂದರೆ ಲೋ ಬೇಕಾಗಿ ವರ್ಷಗಳಾಗಿದ್ದವು.

ನನ್ನ ಪ್ರಕಾರ ರೋಗದ ಮೂಲ ಇಲ್ಲಿದೆ. 2000ನೇ ಇಸವಿಯ ಡಿಸೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆ ಬಂತು, ಒಂದೊಂದೇ ದಾರಿಗೆ ಟಾರು ಬಂತು, ಹಿಂದೆಯೇ ಕಾಂಕ್ರೀಟು ಬಂದು ಅಂಗಳದ ಬಾಗಿಲಿಗೆ ಮುಟ್ಟಿತು. ಒಳ್ಳೆಯದೇ ಆಯಿತು, ಹೆರಿಗೆ ನೋವಿನವರನ್ನು ಕಂಬಳಿಯಲ್ಲಿ ಹೊತ್ತ ಕಾಲವನ್ನು ಯಾರೂ ವಾಪಸ್ ಕೇಳುವುದಿಲ್ಲ. ಅದರ ಜೊತೆಗೇ ಫೋರ್‌ವೀಲಿನ ರಾಡಿಗೆ ಕೆಲಸ ತಪ್ಪಿತು. ಕೆಸರಿನಲ್ಲಿ ದಿನಾ ಒದ್ದಾಡಿದ ಗಾಡಿಗೆ ಕಚ್ಚದ ರಾಡು ಟಾರಿನ ಮೇಲೆ ಸುಖವಾಗಿ ಓಡಾಡಿದ ಗಾಡಿಗೆ ಕಚ್ಚಿಕೊಂಡಿತು. ಬೇಕಿಲ್ಲದಿದ್ದರೂ ತಿಂಗಳಿಗೆ 16 ಕಿಲೋಮೀಟರ್ ಫೋರ್‌ವೀಲಿನಲ್ಲಿ ಓಡಿಸಿ, ಮುಂದಿನ ಭಾಗಗಳಿಗೆ ಆಯಿಲು ಹರಿಯಲಿ ಅಂತ ಟೊಯೋಟಾದವರು ಕೈಪಿಡಿಯಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಕೈಪಿಡಿ ಇಲ್ಲ, ಆಯುಧಪೂಜೆ ಇದೆ. ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ಪೈಪಿನಲ್ಲಿ ನೀರು ಹೊಡೆದು ತೊಳೆಯುತ್ತೇವೆ. ಅಳಿದುಳಿದ ಗ್ರೀಸಿನ ಮೇಲೂ ನೀರು ಕೂರುತ್ತದೆ. ಆಮೇಲೆ ಸ್ಟೇರಿಂಗಿಗೆ ಹೂವು, ಚಕ್ರಕ್ಕೆ ನಿಂಬೆಹಣ್ಣು, ಗಿಡ್ಡ ರಾಡಿನ ತಲೆಗೂ ಒಂದೊಂದು ಕುಂಕುಮ. ಬುಡಕ್ಕೆ ನಾಲ್ಕು ಸಲ ಗ್ರೀಸ್ ಗನ್ನು ಒತ್ತುವುದು ಮಾತ್ರ ಪೂಜೆಯ ವಿಧಿಯಲ್ಲಿ ಸೇರಿಲ್ಲ. ಪುರೋಹಿತರು ಮನಸ್ಸು ಮಾಡಿದರೆ ಸೇರಿಸಬಹುದು.

ಎಷ್ಟೋ ಹೊಸ ಗಾಡಿಗಳಲ್ಲಿ ಈ ರಾಡೇ ಇಲ್ಲ, ರೇಡಿಯೋದ ಪಕ್ಕ ಒಂದು ಗುಂಡಿ ತಿರುಗಿಸಿದರೆ ಮೋಟಾರು ಆ ಕೆಲಸ ಮಾಡುತ್ತದೆ ಅಂತ ಭಾವನ ಮಗ ಫೋನಿನಲ್ಲಿ ಹೇಳಿದ. ಇರಬಹುದು. ಅದು ಕಚ್ಚಿಕೊಂಡರೆ ಒಂದು ದೀಪ ಮಿಣಮಿಣ ಅನ್ನುತ್ತದೆ, ಆ ದೀಪಕ್ಕೆ ಡೀಸೆಲ್ ಹೊಯ್ಯಲು ಬರುವುದಿಲ್ಲ.

ಫೋರ್‌ವೀಲು ಈಗ ಬೆರಳಿಗೆ ಬರುತ್ತಿದೆ. ಸ್ವಲ್ಪ ಜಾಸ್ತಿಯೇ ಸಲೀಸಾಗಿದೆ. ತೋಟದ ಇಳಿಜಾರಿನಲ್ಲಿ ಡ್ರಮ್ಮು ಹೇರಿಕೊಂಡು ಇಳಿಯುವಾಗ ರಾಡು ತಾನಾಗಿ ಜಿಗಿದು ಟೂವೀಲಿಗೆ ಬಂದುಬಿಡುತ್ತದೆ. ಸರಳನ್ನು ಜಾಗದಲ್ಲಿ ಹಿಡಿದಿಡುವ ಸಣ್ಣ ಗುಂಡು ಮತ್ತು ಸ್ಪ್ರಿಂಗು ಸವೆದಿದೆ, ಇಷ್ಟು ದಿನ ತುಕ್ಕೇ ಆ ಕೆಲಸವನ್ನು ಮಾಡುತ್ತಿತ್ತು ಅಂದರು ಸಾಬರು. ಸ್ಪ್ರಿಂಗು ಶಿವಮೊಗ್ಗದಿಂದ ಬರಬೇಕಂತೆ. ಅಲ್ಲಿಯ ತನಕ ಸೀಟಿನ ಕಾಲಿಗೂ ರಾಡಿಗೂ ಸೇರಿಸಿ ಹಳೇ ಸೈಕಲ್ ಟ್ಯೂಬು ಬಿಗಿದಿದ್ದಾರೆ. ಟ್ಯೂಬು ಮೇಷ್ಟ್ರ ಮನೆಯದು.